ಮೂರನೆಯ ಸಾಲು

ಮುದ್ರೆ ಒತ್ತುವಾಗ ಅದು ಒಂದಿಷ್ಟು ಎಡಕ್ಕೆ ವಾಲಿರಬೇಕು ಎಂದು ಉಕಿತಾನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಚೇರಿಯ ಇಪ್ಪತ್ತೊಂದು ವರ್ಷದಲ್ಲಿ ಅದು ತಾನಾಗಿ ಕೈಗೆ ಬಂದುಬಿಟ್ಟಿತ್ತು. ಕಾಗದದ ತಲೆಯಲ್ಲಿ ಸಾಲಾಗಿ ಚೌಕಗಳಿರುತ್ತವೆ. ಎಡಗಡೆಯವು ಮೇಲಿನವರದು, ಬಲತುದಿಯದು ಅವನದು. ಅವನ ಹೆಸರಿನ ಕೆಂಪು ಗುಂಡು ಮೇಲಿನವರ ಹೆಸರುಗಳ ಕಡೆ ತಲೆ ಬಾಗಿಸಿದಂತೆ ಕಾಣಬೇಕು. ಇವತ್ತು ಬೆಳಗ್ಗೆ ಅದು ಕಂಬದ ಹಾಗೆ ನೆಟ್ಟಗೆ ಬಿತ್ತು. ಬೇಕೆಂದು ಒತ್ತಿದ್ದಲ್ಲ, ಬೇಕೆಂದು ಹಾಗೆ ಒತ್ತುವ ಎದೆಗಾರಿಕೆ ಅವನಿಗಿಲ್ಲ. ಕೈ ಹಿಡಿತ ತಪ್ಪಿತ್ತು, ಅಷ್ಟೆ. ಸಂಚಾರ ಯೋಜನೆಯ ಮುಖ್ಯಸ್ಥ ಮಿನಾಗಾವಾ ಕಾಗದವನ್ನು ಬೆಳಕಿಗೆ ಹಿಡಿದು, "ಏನು ಉಕಿತಾ, ಇವತ್ತು ಭಾರೀ ನೆಟ್ಟಗೆ ನಿಂತ್ಬಿಟ್ಟಿದೀಯಲ್ಲ, ಬೆನ್ನು ನೋವಾ?" ಎಂದರು. ಕಚೇರಿಯಲ್ಲಿ ನಾಲ್ಕು ಮೇಜುಗಳಷ್ಟು ನಗು ಎದ್ದಿತು. ಉಕಿತಾನೂ ನಕ್ಕ. ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕ. ಆಮೇಲೆ ಮೇಲಿನ ಹಾಳೆಯನ್ನು ಮತ್ತೆ ಅಚ್ಚು ಮಾಡಿಸಿ ತಂದು, ಉಸಿರು ಬಿಗಿಹಿಡಿದು, ವಾಲಿಸಿ ಒತ್ತಿದ.

ಹಾಳೆಯ ಕೆಳಗಿದ್ದದ್ದು ಒಂದು ಪಟ್ಟಿ. ಕಾಲುವೆಯ ಈ ಕಡೆ ಕಂಪನಿ ನಡೆಸುವ ಹೊಶಿಹಾಮಾದ ಹಳೆಯ ಮನರಂಜನಾ ಉದ್ಯಾನ, ಆ ಕಡೆ ಕಡಲಿಗೆ ಮಣ್ಣು ತುಂಬಿ ಮಾಡಿದ ನೆಲದಲ್ಲಿ ಎದ್ದು ನಿಲ್ಲುತ್ತಿರುವ ಎರಡನೆಯ ಉದ್ಯಾನ, ಅದರ ಬೆನ್ನಿಗೆ ಮೂರು ಹೊಸ ಹೋಟೆಲು. ನಡುವೆ ಇರುವುದು ಒಂದೇ ಸೇತುವೆ, ಅದರ ಮೇಲೆ ಈಗಲೇ ಬಸ್ಸುಗಳು ಆಮೆಗಳಂತೆ ತೆವಳುತ್ತವೆ. ಜನರನ್ನು ಹೇಗೆ ದಾಟಿಸುವುದು ಎಂಬುದಕ್ಕೆ ಪಟ್ಟಿಯಲ್ಲಿ ಮೂರು ಸಾಲುಗಳಿದ್ದವು: ಮೊನೊರೈಲಿನ ಹಳಿ ಉದ್ದ ಮಾಡುವುದು, ತಂತಿಯ ಮೇಲೆ ಓಡುವ ರೋಪ್‌ವೇ, ಕೊನೆಗೆ ದೋಣಿ. ಸಾಲಿನುದ್ದಕ್ಕೂ ಗುರುತುಗಳು. ತುಂಬ ಒಳ್ಳೆಯದಕ್ಕೆ ಜೋಡಿ ವೃತ್ತ, ಪರವಾಗಿಲ್ಲ ಅನ್ನುವುದಕ್ಕೆ ಒಂಟಿ ವೃತ್ತ, ಅನುಮಾನಕ್ಕೆ ತ್ರಿಕೋನ. ರೋಪ್‌ವೇ ಎಂದು ಹೋದ ವಸಂತದಲ್ಲೇ ತೀರ್ಮಾನವಾಗಿತ್ತು. ಮೇಲಿನವರೆಲ್ಲ ಬಿಸಿನೀರಿನ ಬುಗ್ಗೆಯೊಂದರಲ್ಲಿ ಕೊರಳವರೆಗೆ ಮುಳುಗಿ ಕೂತಿದ್ದಾಗ ಅಧ್ಯಕ್ಷರು "ಮೇಲಿನಿಂದ ನೋಡಿದರೆ ಕಡಲು ಚೆನ್ನಾಗಿ ಕಾಣುತ್ತೆ" ಅಂದಿದ್ದರಂತೆ. ಆದರೂ ಪಟ್ಟಿ ಬೇಕು. ಪಟ್ಟಿಯಿಲ್ಲದ ತೀರ್ಮಾನ ಇಲ್ಲಿ ಅರೆಮರ್ಯಾದೆಯದು. "ಎರಡೇ ಸಾಲಿದ್ರೆ ಜಗಳ ಆದ ಹಾಗೆ ಕಾಣುತ್ತೆ ಉಕಿತಾ, ಮೂರಿದ್ರೆ ಯೋಚನೆ ಮಾಡಿದ ಹಾಗೆ ಕಾಣುತ್ತೆ. ಒಂದು ದೋಣಿ ಹುಡುಕು," ಎಂದಿದ್ದರು ಮಿನಾಗಾವಾ. ಉಕಿತಾ ಹುಡುಕಿದ. ಸೋಲಲಿಕ್ಕೆಂದೇ ಹುಡುಕಿದ ದೋಣಿಗೆ ಒಬ್ಬ ಯಜಮಾನನಿರುತ್ತಾನೆ, ಅವನಿಗೊಂದು ಮುಖವಿರುತ್ತದೆ ಎಂಬುದು ಆಗ ಹೊಳೆದಿರಲಿಲ್ಲ.

ಯಜಮಾನನ ಹೆಸರು ಇಸೊಬೆ ತೊಮೆಕಿಚಿ. ಎಪ್ಪತ್ತೊಂದು ವರ್ಷ. ಪೇಟೆಯಿಂದ ಭಾನುವಾರ ಬರುವ ಗಾಳದ ಹುಚ್ಚಿನವರನ್ನು ಕಡಲಿಗೆ ಕರೆದೊಯ್ಯುವುದು ಅವನ ಕಸುಬು. ಇವತ್ತು ಬೆಳಗ್ಗೆ ಆರೂವರೆಗೆ, ಉಕಿತಾ ಹಲ್ಲುಜ್ಜುತ್ತಿದ್ದಾಗ, ಅವನ ಫೋನು ಬಂದಿತ್ತು. "ಉಕಿತಾ ಸಾನ್, ಎಬ್ಬಿಸಿಬಿಟ್ನಾ? ಏನಿಲ್ಲ, ನಿಮಗೆ ನೆಮ್ಮದಿ ಆಗ್ಲಿ ಅಂತ ಹೇಳ್ತಾ ಇದೀನಿ. ಇವತ್ತು ಸಂಜೆ ಐದಕ್ಕೆ ಸಂಘಕ್ಕೆ ಹೋಗಿ ಗಾಳದ ಪರವಾನಗಿ ವಾಪಸ್ ಕೊಟ್ಬಿಡ್ತೀನಿ. ಎರಡೂ ಇಟ್ಕೊಳ್ಳೋ ಹಾಗಿಲ್ಲವಲ್ಲ, ಜನರನ್ನ ದಾಟಿಸೋ ದೋಣಿ ಅಂದ್ರೆ ಅದೊಂದೇ ಇರ್ಬೇಕು. ನಿಮ್ಮ ಕಡೆಯಿಂದ ಹೂಂ ಅಂದ ದಿನ ನಾವು ತಯಾರಿಲ್ಲ ಅಂತ ಆಗ್ಬಾರ್ದು." ಬಾಯಿ ತುಂಬ ನೊರೆಯಿದ್ದ ಉಕಿತಾ ಏನೋ ಒಂದು ಶಬ್ದ ಮಾಡಿದ. ಅದು ಹೂಂ ಎಂದೇ ಕೇಳಿಸಿರಬೇಕು. ಮೀನುಗಾರರ ಸಂಘದಲ್ಲಿ ಆ ಪರವಾನಗಿಗಳು ಲೆಕ್ಕವಾಗಿ ಇಪ್ಪತ್ತೆರಡೇ, ಕಾದು ಕೂತವರು ಹತ್ತಾರು ಮಂದಿ. ವರ್ಷಕ್ಕೊಂದು ದಿನ ವಾಪಸ್ ತೆಗೆದುಕೊಳ್ಳುತ್ತಾರೆ, ಅವತ್ತೇ ಸರದಿಯವನಿಗೆ ಕೊಟ್ಟುಬಿಡುತ್ತಾರೆ. ಕೊಟ್ಟದ್ದು ಮತ್ತೆ ಆ ಮನೆಗೆ ಬರುವುದಿಲ್ಲ. ದೋಣಿ ಬೇಡವಾಗಿದೆ ಎಂದು ಐದು ಗಂಟೆಯೊಳಗೆ ಯಾರಾದರೂ ಹೇಳಬೇಕು. ಯಾರಾದರೂ ಎಂದರೆ ಉಕಿತಾನೇ. ಬೆಳಗ್ಗೆಯಿಂದ ಅವನು ಹತ್ತು ಸಲ ಫೋನು ಕೈಗೆತ್ತಿಕೊಂಡು ಗಂಟೆ ನೋಡಿ ಕೆಳಗಿಟ್ಟಿದ್ದ.

ಹನ್ನೊಂದು ಸಲ ಆ ದೋಣಿಯಲ್ಲಿ ಕಾಲುವೆ ದಾಟಿದ್ದ. ಪಟ್ಟಿಗೆ ಮೂರು ಸಲ ಸಾಕಿತ್ತು. ಮೊದಲ ದಿನ ಹೊಟ್ಟೆ ತೊಳಸಿ ಕಟಾಂಜನದ ಮೇಲೆ ಬಾಗಿ ಕಾರಿಕೊಂಡಾಗ ಇಸೊಬೆ ತನ್ನ ತಲೆಗೆ ಸುತ್ತಿದ್ದ ಟವೆಲ್ಲನ್ನೇ ಬಿಚ್ಚಿ ಅವನ ಬಾಯಿ ಒರೆಸಿದ್ದ. "ಊರಿನ ಅರ್ಧ ಜನ ಮೊದಲ ದಿನ ಕಡಲಿಗೆ ಊಟ ಹಾಕಿದವರೇ, ಬಿಡಿ," ಎಂದಿದ್ದ. ಅಪ್ಪ ಸತ್ತ ಮೇಲೆ ಅವನ ಮುಖವನ್ನು ಹಾಗೆ ಯಾರೂ ಒರೆಸಿರಲಿಲ್ಲ. ಅಪ್ಪನೂ ಒರೆಸಿದ್ದು ನೆನಪಿಲ್ಲ. ದಾಟಲು ಎಂಟು ನಿಮಿಷ ಎಂದು ಶುರುವಾದದ್ದು ಏಳೂವರೆಗೆ ಇಳಿಯಿತು, ಏಳಕ್ಕೆ ಇಳಿಯಿತು, ಹನ್ನೊಂದನೆಯ ಸಲ ಆರು ನಿಮಿಷ ನಲವತ್ತು ಸೆಕೆಂಡು. "ಬರೀರಿ, ಬರೀರಿ," ಎಂದು ಮುದುಕ ಚುಕ್ಕಾಣಿಯಿಂದಲೇ ಕೂಗುತ್ತಿದ್ದ. ಮಗಳು ಚಿನಾಮಿ ಮುಂಭಾಗದಲ್ಲಿ ಹಗ್ಗ ಹಿಡಿದು ನಿಂತು, ಜನ ಹತ್ತುವಾಗ ಇಳಿಯುವಾಗ ಹೇಳಬೇಕಾದ ಮಾತುಗಳನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಳು. ಅವಳು ಬುತ್ತಿ ತಯಾರಿಸುವ ಕಾರ್ಖಾನೆಯ ಒಂಬತ್ತು ವರ್ಷದ ಕೆಲಸ ಬಿಟ್ಟು ದೋಣಿ ನಡೆಸುವ ಪರೀಕ್ಷೆಗೆ ಕಟ್ಟಿದಳು, ಪಾಸೂ ಆದಳು. ಉಕಿತಾ ಮೂರಕ್ಕೇ ನಿಲ್ಲಿಸಿದ್ದರೆ? ಆ ಬೆಳಗುಗಳು ಅವನಿಗೆ ಬೇಕಾಗಿದ್ದವು, ಅದಕ್ಕೆ ಹೋದ. ಒಬ್ಬ ದೊಡ್ಡ ಕಂಪನಿಯವನು ಹನ್ನೊಂದು ಸಲ ಬಂದು ಕೈಯಲ್ಲಿ ಗಡಿಯಾರ ಹಿಡಿದರೆ ಯಾರಿಗೆ ತಾನೇ ನಂಬಿಕೆ ಬರುವುದಿಲ್ಲ?

ಇನ್ನೊಂದಿದೆ. ಮೊದಲು ಬರೆದ ಪಟ್ಟಿಯಲ್ಲಿ ಗಾಳಿ ಎಂಬ ಕಾಲಂ ಇತ್ತು. ಈ ಕೊಲ್ಲಿಯಲ್ಲಿ ಚಳಿಗಾಲದ ಕೊನೆಗೆ ಬೀಸುವ ಗಾಳಿಗೆ ರೋಪ್‌ವೇ ವರ್ಷಕ್ಕೆ ಮೂವತ್ತೊಂದು ದಿನ ನಿಲ್ಲಬೇಕಾಗುತ್ತದೆ, ಗೋಡೆ ಕಟ್ಟಿದ ಕಾಲುವೆಯೊಳಗಿನ ದೋಣಿ ಒಂಬತ್ತು ದಿನ. ಉಕಿತಾ ಇದ್ದದ್ದು ಇದ್ದ ಹಾಗೆ ಬರೆದಿದ್ದ. ಮಿನಾಗಾವಾ ಡಿಸೆಂಬರಿನ ಒಂದು ಮಧ್ಯಾಹ್ನ ಅವನನ್ನು ಕರೆದು, ಬೆರಳಿನಿಂದ ವೃತ್ತಗಳನ್ನು ಎಣಿಸಿ, "ಮೂರನೇ ಸಾಲು ಗೆಲ್ತಾ ಇದೆಯಲ್ಲಪ್ಪ," ಎಂದರು.

"ಹೌದು, ಮುಖ್ಯಸ್ಥರೇ."

"ಗೆಲ್ಲಲಿ ಅಂತ ಹಾಕಿದ್ವಾ ಅದನ್ನ?"

"ಇಲ್ಲ."

"ಮತ್ತೆ?" ಎಂದು ಅವರು ಕೇಳಿದ್ದು ಸಿಟ್ಟಿನಿಂದಲ್ಲ. ನಿಜವಾಗಿಯೂ ಉತ್ತರ ಕೇಳಿದಂತೆ, ಮಗುವಿನ ತಪ್ಪು ಲೆಕ್ಕ ತಿದ್ದುವ ಮೇಷ್ಟ್ರಂತೆ, ಕನಿಕರದಿಂದ ಕೇಳಿದರು. ಸಿಟ್ಟು ಮಾಡಿದ್ದರೆ ಉಕಿತಾ ಒಂದು ಮಾತು ಎದುರಾಡುತ್ತಿದ್ದನೇನೋ. ಕನಿಕರಕ್ಕೆ ಎದುರಾಡುವುದು ಅವನಿಗೆ ಗೊತ್ತಿಲ್ಲ. ಅವನು ಒಂದೂ ಗುರುತು ತಿದ್ದಲಿಲ್ಲ, ಒಂದೂ ಸುಳ್ಳು ಬರೆಯಲಿಲ್ಲ. ಗಾಳಿಯ ಕಾಲಮ್ಮನ್ನು ಪೂರ್ತಿ ತೆಗೆದ. ಆ ಜಾಗದಲ್ಲಿ 'ನೋಟದ ಸೊಗಸು' ಎಂದು ಬಂತು. ರೋಪ್‌ವೇಗೆ ಜೋಡಿ ವೃತ್ತ, ದೋಣಿಗೆ ತ್ರಿಕೋನ. ಪಟ್ಟಿ ಈಗ ನೋಡಲು ಅಚ್ಚುಕಟ್ಟಾಗಿಯೂ ಇತ್ತು.

ಮಧ್ಯಾಹ್ನ ಎರಡೂವರೆಗೆ ಕಾಗದ ಕೊನೆಯ ಮುದ್ರೆಯನ್ನೂ ಒತ್ತಿಸಿಕೊಂಡು ಬಂದು ಅವನ ಮೇಜಿನ ಕಾಗದದ ತಟ್ಟೆಯಲ್ಲಿ ಮಲಗಿತು. ಉಕಿತಾ ಎದ್ದು, ಹಲ್ಲು ನೋವು, ವೈದ್ಯರ ಹತ್ತಿರ ಹೋಗಬೇಕು ಎಂದ. ಮಿನಾಗಾವಾ ತಲೆಯೆತ್ತದೆ, "ಬೆಳಗ್ಗೆ ಬೆನ್ನು, ಈಗ ಹಲ್ಲು. ಹೋಗು, ಹೋಗು," ಎಂದರು. ಬಸ್ಸು ಹತ್ತಿದ. ಬಸ್ಸು ಸೇತುವೆಯ ನಡುಮಧ್ಯಕ್ಕೆ ಬಂದು ನಿಂತಿತು. ಇಪ್ಪತ್ತು ನಿಮಿಷ, ಇಪ್ಪತ್ತೈದು ನಿಮಿಷ. ನಿಲ್ಲಲಿ ಎಂದು ಅವನ ಒಳಗಿನ ಯಾವನೋ ಒಬ್ಬ ಹೇಳುತ್ತಿದ್ದ. ಐದಾಗುವವರೆಗೂ ಇಲ್ಲೇ ನಿಂತರೆ ತಪ್ಪು ಸೇತುವೆಯದಾಗುತ್ತದೆ. ಮುಂದಿನ ಸೀಟಿನ ಹೆಂಗಸು ಪಿಯರ್ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು, ಒಂದೇ ಉದ್ದನೆಯ ಪಟ್ಟಿಯಾಗಿ. ಆಸ್ಪತ್ರೆಯಲ್ಲಿ ಅಜ್ಜಿಗೆ ಅವನೂ ಹಾಗೆಯೇ ಸುಲಿದು ಕೊಡುತ್ತಿದ್ದ, ಹತ್ತೊಂಬತ್ತು ವರ್ಷದವನಿದ್ದಾಗ. ಹೊಟ್ಟೆಯಲ್ಲಿದ್ದ ಗಡ್ಡೆ ಏನೆಂದು ಅಜ್ಜಿಗೆ ಹೇಳಬಾರದೆಂದು ವೈದ್ಯರೂ ಅಪ್ಪನೂ ಚಿಕ್ಕಪ್ಪಂದಿರೂ ನಿಶ್ಚಯಿಸಿದ್ದರು. ಮುಂದಿನ ವಸಂತಕ್ಕೆ ಕಿಮೋನೊಗೆ ಯಾವ ಬಣ್ಣ ತರೋಣ ಎಂದು ಅಜ್ಜಿ ಅವನನ್ನೇ ಕೇಳುತ್ತಿದ್ದಳು, ಬೇರೆಯವರನ್ನು ಕೇಳುತ್ತಿರಲಿಲ್ಲ. ತಿಳಿ ನೇರಳೆ ಎಂದು ಹೇಳಿದ್ದ. ಹೇಳುವಾಗ ದನಿ ಒಂದಿಷ್ಟೂ ನಡುಗಿರಲಿಲ್ಲ. ಎಲ್ಲ ಮುಗಿದ ಮೇಲೆ ಅಪ್ಪ ಅವನ ಬೆನ್ನು ತಟ್ಟಿ, ಚೆನ್ನಾಗಿ ನಡೆಸಿಕೊಟ್ಟೆ ಎಂದಿದ್ದ. ಜೀವಮಾನದಲ್ಲಿ ಅಪ್ಪ ಅವನನ್ನು ಹೊಗಳಿದ್ದು ಅದೊಂದೇ ಸಲ. ಬಸ್ಸು ಕದಲಿತು. ಅವನಿಗೆ ಬೇಸರವಾಯಿತು.

ದಡದಲ್ಲಿ ಇಳಿದಾಗ ನಾಲ್ಕು ಹತ್ತು. ಇಸೊಬೆಯ ಮನೆಯ ಎದುರಿಗೇ ದೋಣಿ ಕಟ್ಟಿತ್ತು, ಹಲಗೆಗಳೆಲ್ಲ ಹೊಸ ಬಿಳಿ ಬಣ್ಣ. ನಡುವಿನ ದೊಡ್ಡ ತೊಟ್ಟಿಯ ಸುತ್ತ ಕೊಯ್ದ ಗುರುತುಗಳು, ಮರದ ಪುಡಿ. ಹಿಡಿದ ಮೀನು ಜೀವಂತ ಉಳಿಯಲೆಂದು ಕಡಲ ನೀರು ಹರಿಯುವಂತೆ ಮಾಡಿದ ತೊಟ್ಟಿ ಅದು. ಅದಿಲ್ಲದೆ ಗಾಳದವರು ಯಾರೂ ದೋಣಿ ಹತ್ತುವುದಿಲ್ಲ. ಅದನ್ನು ಕಿತ್ತ ಜಾಗದಲ್ಲಿ ಎಂಟು ಕುರ್ಚಿ ಹಿಡಿಯುತ್ತದೆ ಎಂದು ಇಸೊಬೆ ಹಿಂದೆಯೇ ಅಳೆದಿದ್ದ. ಈಗ ಗರಗಸ ಕೆಳಗಿಟ್ಟು, "ಅಯ್ಯೋ, ಇವತ್ತೇ ಬಂದ್ರಾ! ಚಿನಾಮಿ, ಉಕಿತಾ ಸಾನ್ ಬಂದಿದಾರೆ, ಚಹಾ ಇಡೇ," ಎಂದು ಕೂಗುತ್ತ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ.

"ಇಸೊಬೆ ಸಾನ್, ಪರವಾನಗಿ ವಿಷಯ… ಈ ವರ್ಷವೇ ಕೊಡ್ಬೇಕು ಅಂತೇನಿಲ್ಲ," ಎಂದು ಉಕಿತಾ ಶುರು ಮಾಡಿದ. ಬಸ್ಸಿನಲ್ಲಿ ಕೂತು ಕಟ್ಟಿಕೊಂಡ ವಾಕ್ಯ ಇದಲ್ಲ. ಆ ವಾಕ್ಯದಲ್ಲಿ 'ಇಲ್ಲ' ಎಂಬ ಮಾತು ಮೊದಲೇ ಬರುತ್ತಿತ್ತು.

"ನೀವು ನಮ್ಮ ಬಗ್ಗೆ ಯೋಚನೆ ಮಾಡ್ತೀರಿ, ಅದು ಗೊತ್ತು. ಚಿನಾಮೀನೂ ಅದನ್ನೇ ಅಂತಾಳೆ, ಕಾಗದ ಕೈಗೆ ಬರ್ಲಿ ಅಪ್ಪ ಅಂತ. ನಾನಂದೆ, ಕಾಗದ ಯಾಕೆ ಬೇಕೇ, ಅದನ್ನ ನೋಡು." ಇಸೊಬೆ ಗೋಡೆಯ ಕಡೆ ಕೈ ತೋರಿಸಿದ. ಸತ್ತ ಹೆಂಡತಿಯ ಫೋಟೊ ಇರುವ ಪೂಜೆಯ ಗೂಡಿನಲ್ಲಿ, ಅಕ್ಕಿಯ ಬಟ್ಟಲಿನ ಪಕ್ಕಕ್ಕೆ, ದೊಡ್ಡ ಅಂಗಡಿಯ ಪೆಟ್ಟಿಗೆಯೊಂದನ್ನು ಹೊದಿಕೆಯ ಕಾಗದ ಸಮೇತ ಇಟ್ಟಿದ್ದರು. "ವರ್ಷದ ಕೊನೆಯ ಉಡುಗೊರೆ ಯಾರು ಯಾರಿಗೆ ಕಳಿಸೋದು ಹೇಳಿ? ಉಪಕಾರ ಪಡೆದವರು ಉಪಕಾರ ಮಾಡಿದವರಿಗೆ. ನಾನು ಹುಟ್ಟಿದಾಗಿನಿಂದ ಕಳಿಸ್ತಾನೇ ಬಂದಿದೀನಿ ಉಕಿತಾ ಸಾನ್. ಸಂಘದವರಿಗೆ, ಐಸಿನವರಿಗೆ, ಎಂಜಿನ್ನಿನವರಿಗೆ. ನನಗೆ ಯಾವನೂ ಕಳಿಸಿರ್ಲಿಲ್ಲ. ಅಷ್ಟು ದೊಡ್ಡ ಕಂಪನಿ, ಕಂಪನಿ ಹೆಸರು ಹಾಕಿ, ಈ ಮನೆಗೆ ಕಳಿಸ್ತು ಅಂದ್ರೆ ಇನ್ನೇನು ಬೇಕು? ಅವತ್ತೇ ತೀರ್ಮಾನ ಮಾಡ್ದೆ ನಾನು. ಒಳಗಿನ ಹ್ಯಾಮ್ ತಿಂದ್ವಿ, ಪೆಟ್ಟಿಗೆ ನನ್ನ ಹೆಂಡ್ತಿಗೂ ಕಾಣ್ಲಿ ಅಂತ ಇಟ್ಟಿದೀನಿ."

ಉಕಿತಾನ ಕೈಯಲ್ಲಿದ್ದ ಚಹಾ ಬಿಸಿಯಾಗಿತ್ತು, ಅವನು ಕೆಳಗಿಡಲಿಲ್ಲ. ಗಾಳಿಯ ಕಾಲಂ ತೆಗೆದ ಮೂರನೆಯ ದಿನ ಅವನು ಅಂಗಡಿಯ ಏಳನೆಯ ಮಹಡಿಯಲ್ಲಿ ಉದ್ದ ಸಾಲಿನಲ್ಲಿ ನಿಂತು ಅದನ್ನು ತನ್ನ ಜೇಬಿನಿಂದ ಕೊಂಡಿದ್ದ. ನಿದ್ದೆ ಬರಲಿ ಎಂದು ಕೊಂಡಿದ್ದ. ಕಳಿಸುವವರ ಹೆಸರು ಬರೆಯುವ ಚೀಟಿಯ ಮುಂದೆ ಪೆನ್ನು ಹಿಡಿದು ನಿಂತಾಗ, ತನ್ನ ಹೆಸರು ಬರೆದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ ಎಂದು ಹೆದರಿ, ಕಂಪನಿಯ ಹೆಸರು ಬರೆದಿದ್ದ. ಅಂಗಡಿಯ ಹುಡುಗಿ ತಲೆ ಬಾಗಿಸಿ ವಂದಿಸಿದಾಗ ಅವನಿಗೆ ಎಷ್ಟೋ ಹಗುರವಾಗಿತ್ತು. ಅವತ್ತು ರಾತ್ರಿ ನಿದ್ದೆಯೂ ಬಂದಿತ್ತು. ಈಗ ಅವನಿಗೆ ತನ್ನ ಮೇಲೆ ಹುಟ್ಟಿದ್ದು ಸಿಟ್ಟಲ್ಲ, ಅಸಹ್ಯ. ಮಿನಾಗಾವಾ ಮಾಡಿದ್ದು ಬರಿಯ ಪಟ್ಟಿ. ಈ ಮನೆಯನ್ನು ಮುಳುಗಿಸಿದ್ದು ತನ್ನ ಒಳ್ಳೆಯತನ.

"ಅದು ಕಂಪನಿಯದಲ್ಲ," ಎಂದ. ದನಿ ಹೊರಬಂದದ್ದು ಅವನಿಗೇ ಆಶ್ಚರ್ಯವಾಯಿತು. "ಅದನ್ನ ಕಳಿಸಿದ್ದು ನಾನು. ನನ್ನ ದುಡ್ಡು. ಕಂಪನಿಗೆ ಗೊತ್ತೇ ಇಲ್ಲ."

ಇಸೊಬೆಯ ಕಣ್ಣು ಪೆಟ್ಟಿಗೆಯ ಮೇಲೆ ಹೋಯಿತು, ಉಕಿತಾನ ಮೇಲೆ ಬಂತು. ಇವನಿಗೆ ಗೊತ್ತಾಯಿತು, ಇನ್ನು ಹೇಳಬೇಕಾದ್ದಿಲ್ಲ ಎಂದು ಉಕಿತಾ ಅಂದುಕೊಂಡ. ಮುದುಕ ಎಗರಾಡಲಿ, ಚಹಾ ಮುಖಕ್ಕೆ ಎರಚಲಿ ಎಂದು ಕಾದ. ಮುದುಕ ಮಂಡಿಯೂರಿ ಹಿಂದಕ್ಕೆ ಸರಿದು, ಎರಡೂ ಅಂಗೈ ಚಾಪೆಗೆ ಊರಿ, ಹಣೆ ನೆಲಕ್ಕೆ ಮುಟ್ಟುವಷ್ಟು ಬಾಗಿದ. "ಸ್ವಂತ ದುಡ್ಡಿಂದ," ಎಂದ. "ಹೆಸರೂ ಹೇಳ್ಕೊಳ್ಳದೆ. ಉಕಿತಾ ಸಾನ್, ಕಂಪನಿ ಕಳಿಸಿದ್ದಕ್ಕಿಂತ ಇದು ದೊಡ್ಡದು." ಬಾಗಿದ ತಲೆಯ ನಡುವಿನ ಬೋಳು, ಅದರ ಮೇಲೆ ಅಂಟಿಕೊಂಡ ಮರದ ಪುಡಿ ಉಕಿತಾನಿಗೆ ಕಾಣುತ್ತಿತ್ತು. ಒಬ್ಬರು ಬಾಗಿದರೆ ಇನ್ನೊಬ್ಬರು ಬಾಗಬೇಕು. ಅವನೂ ಬಾಗಿದ. ಹಣೆ ಚಾಪೆಗೆ ಒತ್ತಿದ ಆ ಭಂಗಿಯಲ್ಲಿ ಯಾವ ಮಾತನ್ನೂ ಹೇಳುವಂತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಚಿನಾಮಿ ಬಾಗಲಿಲ್ಲ. ಸೋಪಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ, "ಉಕಿತಾ ಸಾನ್, ನೇರವಾಗೇ ಕೇಳ್ತೀನಿ. ನಮ್ಮ ದೋಣಿ ಆಗುತ್ತಾ, ಇಲ್ವಾ?" ಎಂದಳು.

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಅವನು ತಲೆಯೆತ್ತಿದ. ಒಂದೇ ಮಾತು ಸಾಕಿತ್ತು, ಅದು ನಾಲಿಗೆಯ ತುದಿಗೂ ಬಂದಿತ್ತು, ಬಂದದ್ದು ನಿಜ, ಆಮೇಲೆಯೂ ಅವನು ಅದನ್ನು ಪ್ರಮಾಣ ಮಾಡಿ ಹೇಳಬಲ್ಲ. ಆದರೆ ಇಸೊಬೆ ಆಗಲೇ ಎದ್ದು ಮಗಳ ತಲೆಯ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತುತ್ತಿದ್ದ. "ಹಾಗೆಲ್ಲಾ ಮುಖಕ್ಕೆ ಕೇಳ್ತಾರೇನೇ? ಕಂಪನಿಯವರ ಕೈ ಕಟ್ಟಿರುತ್ತೆ, ಹೇಳೋ ಹೊತ್ತಿಗೆ ಅವರೇ ಹೇಳ್ತಾರೆ. ಮೂವತ್ತೆರಡು ತುಂಬಿದ್ರೂ ಮಾತಾಡೋಕೆ ಬರಲ್ಲ ಇದಕ್ಕೆ. ತಾಯಿಯಿಲ್ಲದೆ ಬೆಳೆದಿದ್ದು, ಕ್ಷಮಿಸಿ ಉಕಿತಾ ಸಾನ್. ಉತ್ತರ ಕೊಡ್ಬೇಡಿ. ದಯವಿಟ್ಟು ಕೊಡ್ಬೇಡಿ."

"ಪರವಾಗಿಲ್ಲ," ಎಂದ ಉಕಿತಾ. ತಪ್ಪಿಸಿಕೊಂಡೆ ಎಂಬ ಸಮಾಧಾನ ಹೊಟ್ಟೆಯಿಂದ ಬೆಚ್ಚಗೆ ಮೇಲೇರಿತು, ಅದು ಏರುವುದನ್ನು ಅವನು ನೋಡುತ್ತಲೇ ಇದ್ದ, ತಡೆಯಲಾಗಲಿಲ್ಲ.

ತೊಟ್ಟಿಯನ್ನು ಎತ್ತಲು ಮೂರು ಜನ ಬೇಕಿತ್ತು. ನೀವು ಬಂದದ್ದು ಒಳ್ಳೆಯದೇ ಆಯಿತು ಎಂದು ಇಸೊಬೆ ಖುಷಿಯಿಂದ ಹೇಳಿದ. ಉಕಿತಾ ಕೋಟು ಕಳಚಿ ಕಟಾಂಜನಕ್ಕೆ ಹಾಕಿ, ತೋಳು ಮಡಚಿ, ತಾನೇ ಕೇಳಿಕೊಂಡು ಭಾರದ ಕಡೆ ಹೋದ. ಒಳಗೆ ಹಸಿರು ಪಾಚಿ, ಒಣಗಿದ ಮೀನಿನ ಹುರುಪೆ, ನಲವತ್ತು ವರ್ಷದ ವಾಸನೆ. ಮೂರು ಎಣಿಸಿ ಎತ್ತಿದರು. ದಡಕ್ಕೆ ಸಾಗಿಸುವಾಗ ಚಿನಾಮಿ ಅವನ ಎದುರಿಗೇ ಇದ್ದಳು, ಅವನ ಮುಖವನ್ನೇ ನೋಡುತ್ತಿದ್ದಳು. ಬೆವರು ಕಣ್ಣಿಗಿಳಿದರೂ ಅವನು ಒರೆಸಿಕೊಳ್ಳುವಂತಿರಲಿಲ್ಲ, ಮುಖ ತಿರುಗಿಸುವಂತೆಯೂ ಇರಲಿಲ್ಲ. ತೊಟ್ಟಿ ಕೆಳಗಿಳಿದ ಮೇಲೆ ಇಸೊಬೆ ಕೈ ತೊಳೆದು, ತೊಳೆದ ಅಂಗಿ ಹಾಕಿಕೊಂಡು, ಪರವಾನಗಿಯನ್ನು ಬಟ್ಟೆಯಲ್ಲಿ ಸುತ್ತಿ ಸೈಕಲ್ಲಿನ ಬುಟ್ಟಿಯಲ್ಲಿಟ್ಟ. "ಹತ್ತು ನಿಮಿಷ, ಬಂದ್ಬಿಡ್ತೀನಿ. ಊಟ ಮಾಡ್ಕೊಂಡೇ ಹೋಗ್ಬೇಕು," ಎಂದು ಹೇಳಿ ಪೆಡಲು ತುಳಿದ. ನಾಲ್ಕು ನಲವತ್ತೆಂಟಾಗಿತ್ತು.

ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೆ ಚಿನಾಮಿ, "ಇಲ್ಲ ಅಂತ, ಅಲ್ವಾ?" ಎಂದಳು.

ಉಕಿತಾ ಹೌದೆಂದು ತಲೆಯಾಡಿಸಿದ.

"ಯಾವಾಗಿನಿಂದ?"

"ಮೊದಲಿನಿಂದಲೂ."

ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದಳು. ಫೋನಿನ ಗುಂಡಿಗಳ ಸದ್ದು ಕೇಳಿಸಿತು. ಉಕಿತಾ ಹೊಸ್ತಿಲ ಹತ್ತಿರ ಹೋಗಿ ನಿಂತ. ಸಂಘದಲ್ಲಿ ಯಾರೋ ಎತ್ತಿಕೊಂಡರು. ಆ ಕಡೆಯ ಗದ್ದಲ, ನಗು, ಗಡಸು ಗಂಟಲುಗಳು ಇಲ್ಲಿಯವರೆಗೂ ಕೇಳಿಸುತ್ತಿದ್ದವು. ಇವತ್ತು ಅಲ್ಲಿ ಎಲ್ಲರೂ ಸೇರಿರುತ್ತಾರೆ, ಕೊಡುವವರು, ಕಾದವರು, ಸುಮ್ಮನೆ ನೋಡಲು ಬಂದವರು. ಅಪ್ಪನನ್ನು ಫೋನಿಗೆ ಕರೆದರೆ ಸಂಘದ ಕಟ್ಟೆಯ ಈ ಕಡೆಯಿಂದ ಆ ಕಡೆಯವರೆಗೆ ಜನ ಮಾತು ನಿಲ್ಲಿಸಿ ಕೇಳುತ್ತಾರೆ. ಕಂಪನಿಯ ಕೆಲಸ ತನ್ನ ದೋಣಿಗೇ ಎಂದು ಮುದುಕ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. "ಹಲೋ? ಹಲೋ, ಯಾರು?" ಎಂದಿತು ಫೋನು. ಚಿನಾಮಿಯ ಬಾಯಿ ತೆರೆದಿತ್ತು. ಗೋಡೆಯ ಗಡಿಯಾರ ನಾಲ್ಕು ಐವತ್ತೆರಡು, ಐವತ್ತಮೂರು. "ಏನಿಲ್ಲ," ಎಂದಳು ಅವಳು. "ಅಪ್ಪ ಬರ್ತಾ ಇದಾರೆ. ಸೈಕಲ್ಲಲ್ಲಿ. ಸ್ವಲ್ಪ ತಡ ಆದ್ರೂ ಕಾದಿರಿ ಅಂತ ಹೇಳೋಕೆ ಮಾಡ್ದೆ." ಫೋನು ಕೆಳಗಿಟ್ಟಳು.

ಅವಳು ಯಾಕೆ ಹೇಳಲಿಲ್ಲ ಎಂದು ಉಕಿತಾ ಕೇಳಲಿಲ್ಲ. ಅದು ಅವನಿಗೆ ಅರ್ಥವಾಗದ ವಿಷಯವಾಗಿದ್ದರೆ ಎಷ್ಟು ಚೆನ್ನಾಗಿತ್ತು.

"ಅಪ್ಪ ಎಲ್ಲರ ಎದುರಿಗೆ ಕೇಳೋದು ಬೇಡ," ಎಂದಳು ಅವಳು ಕೊನೆಗೆ. "ಮನೆಗೆ ಬಂದು ಕೇಳ್ಲಿ. ನಾನು ಹೇಳಲ್ಲ. ನೀವೇ ಹೇಳ್ಬೇಕು. ಕೂತ್ಕೊಳ್ಳಿ." ಅವಳು ಚಹಾದ ಲೋಟಗಳನ್ನು ತೆಗೆದು, ಒಲೆಯ ಮೇಲೆ ಅನ್ನಕ್ಕೆ ನೀರಿಟ್ಟಳು. ಮೂರು ಜನರಿಗೆ ಅಕ್ಕಿ ಅಳೆದಳು. ಉಕಿತಾ ಹೊರಗಿನಿಂದ ಕೋಟು ತಂದು ಹಾಕಿಕೊಂಡು, ಗುಂಡಿಗಳನ್ನೆಲ್ಲ ಹಾಕಿ, ಚಾಪೆಯ ಮೇಲೆ ಮಂಡಿಯೂರಿ ಬಾಗಿಲಿಗೆ ಮುಖ ಮಾಡಿ ಕೂತ. ಐದು ಗಂಟೆಗೆ ಊರಿನ ಧ್ವನಿವರ್ಧಕದಲ್ಲಿ ಮಕ್ಕಳನ್ನು ಮನೆಗೆ ಕರೆಯುವ ಸಂಗೀತ ಬಂತು, ನಿಂತಿತು. ಆಮೇಲೆ ದೂರದಿಂದ ಸೈಕಲ್ಲು ಬರುವ ಸದ್ದು ಕೇಳಿಸಿತು. ಮುದುಕ ಏನೋ ಹಾಡುತ್ತಿದ್ದ.